ಕುಡಿ ಬಾಗಿದಲ್ಲಿ ಹೂವು

ಮೂರು ವರ್ಷದ ಹಿಂದೆ, ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಮೈಸೂರಿನ ನಮ್ಮ ಹಳೆಯ ಮನೆಯ ಪಡಸಾಲೆ ಸೋರಿತು. ಏಣಿ ಹಾಕಿ ಹತ್ತಿ ನೋಡಿದರೆ ಸೂರಿನ ಅಂಚಿನಲ್ಲಿ ನಾಲ್ಕೈದು ಮಂಗಳೂರು ಹೆಂಚು ಜಾಗ ಬಿಟ್ಟು ಸರಿದಿದ್ದವು. ಸಂದಿಯಲ್ಲಿ ಬೆರಳು ಗಾತ್ರದ ಕಂದು ಕಾಂಡವೊಂದು ಒಳಗೆ ನುಗ್ಗಿತ್ತು. ಅಟ್ಟದ ಕತ್ತಲಲ್ಲಿ ಎಲೆಯಿಲ್ಲದೆ, ಬಣ್ಣವಿಲ್ಲದೆ ಎರಡು ಮಾರು ಉದ್ದ ಹರಿದು, ಬೆಳಕಿನ ಗೆರೆ ಕಂಡ ಕಡೆ ಇನ್ನೊಂದು ಹೆಂಚನ್ನು ಎತ್ತಿ ಅದು ಮತ್ತೆ ಬಿಸಿಲಿಗೆ ಬಂದಿತ್ತು. ಹೊರಬಂದ ತುದಿಯಲ್ಲಿ ಒಂದು ಹೂಗೊಂಚಲು. ಗೇಟಿನ ಪಕ್ಕ ನಾನೇ ಒಂದಡಿಯ ಕಡ್ಡಿ ಊರಿ ಬೆಳೆಸಿದ ಮಧುಮಾಲತಿ ಅದು.

ನಮ್ಮ ಬೀದಿಯ ನಾಲ್ಕಾರು ಮನೆಗಳ ಕೈತೋಟ ನೋಡಿಕೊಳ್ಳುವ ಹಿರಿಯರೊಬ್ಬರು ಕೆಳಗೆ ನಿಂತು ತಲೆ ಎತ್ತಿ ನೋಡಿದರು. “ಹೆಂಚಿನೊಳಗೆ ಹೋಗಿರೋದನ್ನ ಮಾತ್ರ ಎಳೆದು ತೆಗೀರಿ ಅಮ್ಮಾ. ಬುಡ ಮುಟ್ಬೇಡಿ. ಮಳೆಗಾಲದಲ್ಲಿ ಒಂದು ಕಡಿದ್ರೆ ಹತ್ತು ಬರ್ತವೆ” ಎಂದರು. ನನಗೆ ಮನೆ ಸೋರುವ ಚಿಂತೆ. ಅವರ ಮಾತು ಮೀರಿ ಬೇರೆ ಕೂಲಿಯವರನ್ನು ಕರೆಸಿ ಇಡೀ ಬಳ್ಳಿಯನ್ನು ಸೊಂಟದೆತ್ತರಕ್ಕೆ ಕಡಿಸಿಬಿಟ್ಟೆ. ಮೂರು ವಾರ ತುಂಬುವಷ್ಟರಲ್ಲಿ ಆ ಮೋಟಿನಿಂದ 31 ಕುಡಿಗಳು ಎದ್ದಿದ್ದವು, ಎಣಿಸಿ ಬರೆದಿಟ್ಟಿದ್ದೇನೆ. ಆಗಸ್ಟ್ ಕೊನೆಗೆ ಅವು ಮತ್ತೆ ಸೂರು ಮುಟ್ಟಿದವು. ಆ ವರ್ಷ ಬೆರಳೆಣಿಕೆಯ ಗೊಂಚಲು ಬಿಟ್ಟರೆ ಹೂವೇ ಇಲ್ಲ.

ಆ ಹಿರಿಯರ ಒಂದು ಸಾಲಿನ ಮಾತಿನಲ್ಲಿ ಸಸ್ಯಶಾಸ್ತ್ರದ ಒಂದು ಇಡೀ ಅಧ್ಯಾಯ ಅಡಗಿದೆ ಎಂದು ತಿಳಿಯಲು ನನಗೆ ಮುಂದಿನ ಎರಡು ವರ್ಷ ಹಿಡಿಯಿತು. ಬಳ್ಳಿಯನ್ನು ಆಳುವುದು ಅದರ ಕುಡಿ. ಕುಡಿ ಎಳೆಯದಾಗಿರುವಾಗ ಅದರ ಮುಖ ತಿರುಗಿಸಲು ಕಲಿತವರಿಗೆ ಎಂಥ ಹುಚ್ಚು ಬಳ್ಳಿಯೂ ಒಗ್ಗುತ್ತದೆ. ಅದು ಹೇಗೆ ಎನ್ನುವುದನ್ನು ನನಗೆ ಅರ್ಥವಾದ ಮಟ್ಟಿಗೆ ಇಲ್ಲಿ ಹಂಚಿಕೊಳ್ಳುತ್ತೇನೆ.

ಮೊದಲು, ಬಳ್ಳಿಗೆ ಅಷ್ಟು ವೇಗ ಎಲ್ಲಿಂದ ಬರುತ್ತದೆ? ನಮ್ಮ ಕಾವ್ಯಗಳಲ್ಲಿ ಬಳ್ಳಿ ಎಂದರೆ ಸುಕುಮಾರಿ, ಆಸರೆ ಬೇಡುವವಳು. ಕಾಳಿದಾಸನ ಶಕುಂತಲೆ ತನ್ನ ನವಮಾಲಿಕೆಗೆ ವನಜ್ಯೋತ್ಸ್ನೆ ಎಂದು ಹೆಸರಿಟ್ಟು, ಅದು ಮಾವಿನ ಮರವನ್ನು ವರಿಸಿದೆ ಎಂದು ಸಂಭ್ರಮಿಸುತ್ತಾಳೆ. ಆ ಚಿತ್ರ ನನಗೂ ಪ್ರಿಯವೇ. ಆದರೆ ಮರದ ಲೆಕ್ಕದಿಂದ ನೋಡಿದರೆ ಕಥೆ ಬೇರೆ. ಮರವೊಂದು ತಾನು ತಯಾರಿಸಿದ ಸಕ್ಕರೆಯ ದೊಡ್ಡ ಪಾಲನ್ನು ಕಟ್ಟಿಗೆಯಾಗಿಸಬೇಕು. ತನ್ನ ಭಾರ ತಾನೇ ಹೊರಬೇಕು, ಗಾಳಿಗೆ ಎದುರಾಗಿ ನಿಲ್ಲಬೇಕು. ಬಳ್ಳಿ ಈ ಖರ್ಚನ್ನು ಮರದ ಮೇಲೆ, ಇಲ್ಲವೇ ನಮ್ಮ ಗೋಡೆಯ ಮೇಲೆ ಹಾಕುತ್ತದೆ. ಉಳಿತಾಯವಾದದ್ದೆಲ್ಲ ಉದ್ದಕ್ಕೆ ಮತ್ತು ಎಲೆಗೆ ಹೋಗುತ್ತದೆ. ಅದಕ್ಕೇ ಹೆಬ್ಬೆರಳು ಗಾತ್ರದ ಕಾಂಡ ಇಡೀ ಪೋರ್ಟಿಕೊ ಮುಚ್ಚುವಷ್ಟು ಹಸಿರನ್ನು ಹೊತ್ತಿರುತ್ತದೆ.

ಅಷ್ಟು ಎಲೆಗೆ ನೀರು ಸಾಕಾಗುವುದು ಹೇಗೆ? ಬಲಿತ ಬಳ್ಳಿಯ ಕಾಂಡವನ್ನು ಹರಿತವಾದ ಚೂರಿಯಿಂದ ಅಡ್ಡಡ್ಡ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿ. ಸೂಜಿ ಚುಚ್ಚಿದಂಥ ರಂಧ್ರಗಳು ಕಾಣುತ್ತವೆ. ಅವು ನೀರಿನ ನಾಳಗಳು. ಮರಗಳಿಗೆ ಹೋಲಿಸಿದರೆ ಬಳ್ಳಿಗಳ ನಾಳಗಳು ಸಾಮಾನ್ಯವಾಗಿ ಅಗಲ. ಕೊಳವೆಯಲ್ಲಿ ದ್ರವ ಹರಿಯುವ ನಿಯಮದ ಪ್ರಕಾರ, ಉಳಿದದ್ದೆಲ್ಲ ಒಂದೇ ಆಗಿದ್ದರೆ, ಕೊಳವೆಯ ಅಗಲ ಎರಡು ಪಟ್ಟಾದಾಗ ಹರಿವು 16 ಪಟ್ಟಾಗುತ್ತದೆ. ತೆಳು ಕಾಂಡದ ಬಲ ಇರುವುದು ಇಲ್ಲಿ. ಬುಡದ ಬೇರಿನಲ್ಲಿ ಕೂಡಿಟ್ಟ ಪಿಷ್ಟ ಇದಕ್ಕೆ ಸೇರಿದರೆ, ನಮ್ಮ ಮನೆಯ ಮೋಟು ಮೂರು ವಾರದಲ್ಲಿ ತೋರಿದ ಹುಮ್ಮಸ್ಸು ಬೆರಗೆನಿಸುವುದಿಲ್ಲ. ಮೇಲಿನದೆಲ್ಲ ಹೋದರೂ ಕೆಳಗಿನ ಉಗ್ರಾಣ ತುಂಬಿಯೇ ಇತ್ತು, ಮೇಲೆ ಮಳೆ ಬೇರೆ.

ಬಳ್ಳಿ ಕೊಳ್ಳಲು ನರ್ಸರಿಗೆ ಹೋದಾಗ ಹೂವಿನ ಬಣ್ಣಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಇದು ಹೇಗೆ ಹತ್ತುತ್ತದೆ ಎನ್ನುವುದು. ಈ ಪ್ರಶ್ನೆಯ ಹಿಂದೆ ಬಿದ್ದವರಲ್ಲಿ ಚಾರ್ಲ್ಸ್ ಡಾರ್ವಿನ್ ದೊಡ್ಡವರು. ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇ ಕುಡಿಬಳ್ಳಿಗಳ ಚಲನೆಯ ಬಗ್ಗೆ ಬರೆದ ಕಿರುಲೇಖನವೊಂದು ಅವರ ಕುತೂಹಲ ಕೆರಳಿಸಿತು. ಕಾಯಿಲೆಯಿಂದ ಹೊರಗೆ ಓಡಾಡಲಾಗದ ದಿನಗಳಲ್ಲಿ ಕೋಣೆಯಲ್ಲೇ ಕುಂಡಗಳನ್ನಿಟ್ಟುಕೊಂಡು ಕುಡಿಗಳು ತಿರುಗುವುದನ್ನು ಗಂಟೆಗಟ್ಟಲೆ ನೋಡಿ ಬರೆದಿಟ್ಟರು. ಹತ್ತುವ ಸಸ್ಯಗಳ ಮೇಲಿನ ಆ ಪ್ರಬಂಧ 1865ರಲ್ಲಿ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು, 1875ರಲ್ಲಿ ಪುಸ್ತಕವಾಯಿತು. ಬಿಸಿ ವಾತಾವರಣದಲ್ಲಿ ಹಾಪ್ ಬಳ್ಳಿಯ ಕುಡಿ ಸರಾಸರಿ 2 ಗಂಟೆ 8 ನಿಮಿಷಕ್ಕೆ ಒಂದು ಸುತ್ತು ಹಾಕುತ್ತಿತ್ತು. ಸೆರೋಪೀಜಿಯಾ ಎಂಬ ಬಳ್ಳಿಯ 31 ಇಂಚಿನ ಕುಡಿಯಂತೂ ಐದಡಿಗೂ ಮಿಕ್ಕ ಅಗಲದ ವೃತ್ತವನ್ನು ಹಗಲೂ ರಾತ್ರಿ ಬೀಸುತ್ತ ಆಸರೆ ಹುಡುಕುತ್ತಿತ್ತು. ಕೈಚಾಚಿದ ಕುರುಡನಂತೆ ಗಾಳಿಯನ್ನು ತಡಕಾಡುವ ಆ ಕುಡಿಯನ್ನು ನೀವೂ ನಿಮ್ಮ ಶಂಖಪುಷ್ಪದ ಬಳ್ಳಿಯಲ್ಲಿ ನೋಡಬಹುದು. ಬೆಳಿಗ್ಗೆ ಕಾಫಿಗೆ ಮುಂಚೆ ತುದಿ ಎತ್ತ ಮುಖ ಮಾಡಿದೆ ಎಂದು ಗುರುತಿಟ್ಟುಕೊಳ್ಳಿ. ತಿಂಡಿಯಾದ ಮೇಲೆ ಮತ್ತೆ ಹೋಗಿ ನೋಡಿ.

ಶಂಖಪುಷ್ಪ, ನೀಲಿ ಥನ್‌ಬರ್ಜಿಯಾ ಮೊದಲಾದವು ಸುತ್ತಿ ಹತ್ತುವ ಜಾತಿ. ಇವಕ್ಕೆ ಬೆರಳು ಗಾತ್ರದ ಸರಳು, ತಂತಿ, ಹಗ್ಗ ಬೇಕು. ದಪ್ಪ ಕಂಬ ಕೊಟ್ಟರೆ ಕುಡಿ ಸುತ್ತಲಾರದೆ ಜಾರುತ್ತದೆ. ಹೀಗೆ ಸುತ್ತುವ ಬಳ್ಳಿಗಳಲ್ಲಿ ಶೇಕಡ 90ಕ್ಕೂ ಹೆಚ್ಚು ಒಂದೇ ದಿಕ್ಕಿಗೆ, ನಾವು ದಿನಾ ಬಳಸುವ ತಿರುಪುಮೊಳೆಯ ಎಳೆಯ ದಿಕ್ಕಿಗೆ ಸುತ್ತುತ್ತವೆ. ಒಂಬತ್ತು ದೇಶಗಳಲ್ಲಿ ನೋಡಿ ಮಾಡಿದ 2007ರ ಅಧ್ಯಯನವೊಂದು ಭೂಮಿಯ ಉತ್ತರಾರ್ಧದಲ್ಲೂ ದಕ್ಷಿಣಾರ್ಧದಲ್ಲೂ ಇದೇ ರೂಢಿ ಎಂದು ತೋರಿಸಿತು. ನೀವು ಕೈಯಾರೆ ಕುಡಿಯನ್ನು ಕಂಬಿಗೆ ಸುತ್ತುವಾಗ ಈ ದಿಕ್ಕನ್ನು ಪಾಲಿಸಿ. ಎದುರು ದಿಕ್ಕಿಗೆ ಸುತ್ತಿದರೆ ಮರುದಿನ ಬಿಚ್ಚಿಕೊಂಡು ನೇತಾಡುತ್ತಿರುತ್ತದೆ.

ಪ್ಯಾಶನ್ ಹೂವಿನ ಬಳ್ಳಿ, ಗುಲಾಬಿ ಬಣ್ಣದ ಸಣ್ಣ ಹೂ ಬಿಡುವ ಆಂಟಿಗೋನಾನ್, ಕಿತ್ತಳೆ ಬಣ್ಣದ ಪೈರೋಸ್ಟೀಜಿಯಾ ಇವೆಲ್ಲ ಕುಡಿಬಳ್ಳಿಯ ಬೆರಳಿನಿಂದ ಹಿಡಿದು ಹತ್ತುವಂಥವು. ಪ್ಯಾಶನ್ ಹೂವಿನ ಒಂದು ಜಾತಿಯಲ್ಲಿ, ಮುಟ್ಟಿದ ಅರ್ಧ ನಿಮಿಷದ ಆಸುಪಾಸಿನಲ್ಲೇ ಕುಡಿಬಳ್ಳಿ ಬಾಗುವುದು ಕಣ್ಣಿಗೆ ಕಾಣುತ್ತದೆ ಎಂದು ಡಾರ್ವಿನ್ ದಾಖಲಿಸಿದ್ದಾರೆ. ಇವಕ್ಕೆ ಬೇಕಾದದ್ದು ಇನ್ನೂ ತೆಳುವಾದ ಆಸರೆ. ಕೋಳಿಗೂಡಿನ ಜಾಲರಿಯಂಥದ್ದು ಹೇಳಿ ಮಾಡಿಸಿದ ಹಾಗೆ. ಕಾಗದದ ಹೂವು ಎಂದು ನಾವು ಕರೆಯುವ ಬೋಗನ್‌ವಿಲ್ಲಾ ಸುತ್ತುವುದೂ ಇಲ್ಲ, ಹಿಡಿಯುವುದೂ ಇಲ್ಲ; ಮುಳ್ಳನ್ನು ಕೊಕ್ಕೆ ಮಾಡಿ ಪಕ್ಕದ ಗಿಡದ ಮೇಲೆ ಒರಗುತ್ತದೆ. ಅದನ್ನು ನಾವೇ ಕಟ್ಟಬೇಕು.

ಮಧುಮಾಲತಿಯ ಉಪಾಯ ಮಾತ್ರ ನನಗೆ ಎಲ್ಲಕ್ಕಿಂತ ಸೋಜಿಗದ್ದು. ಎಳೆಯದರಲ್ಲಿ ಅದು ಪೊದೆ. ಕಡ್ಡಿ ನೆಟ್ಟ ಮೊದಲ ತಿಂಗಳುಗಳಲ್ಲಿ ಕಂಡವರು ಇದು ಬಳ್ಳಿ ಎಂದರೆ ನಂಬುವುದಿಲ್ಲ. ಬೇರು ಬಲಿಯುತ್ತಲೂ ಒಂದೊಂದೇ ಉದ್ದ ಕುಡಿ ಕಮಾನಿನಂತೆ ಹೊರಟು ಬಾಗುತ್ತದೆ. ಹದಿನೇಳನೆಯ ಶತಮಾನದಲ್ಲಿ ಇಂಡೊನೇಷ್ಯಾದ ಆಂಬಾನ್ ದ್ವೀಪದಲ್ಲಿದ್ದ ಸಸ್ಯಶಾಸ್ತ್ರಜ್ಞ ರಂಫಿಯಸ್ ಇದನ್ನು ನೋಡಿ ಅಚ್ಚರಿಪಟ್ಟರು. ಮಲಯ ಜನ ಇದನ್ನು ಕರೆಯುತ್ತಿದ್ದ ಉದಾನಿ ಎಂಬ ಹೆಸರು ಅವರ ಕಿವಿಗೆ ಡಚ್ ಭಾಷೆಯ ಹೂದಾನಿಖ್ ಎಂಬ ಮಾತಿನಂತೆ ಕೇಳಿತು. ಅದರ ಅರ್ಥ ‘ಎಂಥದ್ದು’. ಅದನ್ನೇ ಲ್ಯಾಟಿನ್ನಿಗೆ ತಿರುಗಿಸಿ ಕ್ವಿಸ್ ಕ್ವಾಲಿಸ್, ಅಂದರೆ ‘ಯಾರಿದು, ಎಂಥದ್ದಿದು’ ಎಂದು ಹೆಸರಿಟ್ಟರು. ಮುಂದೆ ಸಸ್ಯವಿಜ್ಞಾನಿ ಲಿನೇಯಸ್ ಅದನ್ನೇ ಉಳಿಸಿಕೊಂಡು ಕ್ವಿಸ್ಕ್ವಾಲಿಸ್ ಇಂಡಿಕಾ ಎಂದರು. ಇಂದಿನ ಶಾಸ್ತ್ರೀಯ ಹೆಸರು ಕಾಂಬ್ರೀಟಮ್ ಇಂಡಿಕಮ್. ನಮ್ಮಲ್ಲಿ ರಂಗೂನ್ ಮಲ್ಲಿಗೆ ಎಂದು ಕರೆಯುವವರೂ ಇದ್ದಾರೆ. ಮಲ್ಲಿಗೆಗೂ ಇದಕ್ಕೂ ನಂಟಿಲ್ಲ.

ಬಲಿತ ಕುಡಿಯ ಮೇಲೆ ಬೆರಳಾಡಿಸಿದರೆ ಅದರ ಗುಟ್ಟು ಕೈಗೆ ತಗಲುತ್ತದೆ. ಎಲೆ ಉದುರುವಾಗ ಅದರ ತೊಟ್ಟು ಪೂರ್ತಿ ಉದುರುವುದಿಲ್ಲ. ಅರ್ಧ ಉಳಿದು, ಗಟ್ಟಿಯಾಗಿ, ಕೆಳಮುಖವಾಗಿ ಬಾಗಿದ ಮೊಂಡು ಮುಳ್ಳಾಗುತ್ತದೆ. ತುದಿಯಿಂದ ಬುಡದ ಕಡೆಗೆ ಸವರಿದರೆ ಬೆರಳು ಸರಾಗ ಜಾರುತ್ತದೆ. ಬುಡದಿಂದ ತುದಿಯ ಕಡೆಗೆ ಸವರಿದರೆ ಹೆಜ್ಜೆಹೆಜ್ಜೆಗೂ ಕಚ್ಚುತ್ತದೆ. ಹೆಂಚಿನ ಸಂದಿಗೆ ನುಗ್ಗಿದ ಕುಡಿ ಹಿಂದಕ್ಕೆ ಜಾರದಿರುವುದು ಈ ಕೊಕ್ಕೆಗಳಿಂದಲೇ. ಅದನ್ನು ಹೊರಗೆ ಎಳೆಯುವಾಗ ಎರಡು ಹೆಂಚು ಒಡೆದವು. ಬಂದ ದಾರಿಯಲ್ಲೇ ಎಳೆಯಬಾರದು, ತುಂಡು ಮಾಡಿ ಹೋದ ದಿಕ್ಕಿಗೇ ಎಳೆದು ತೆಗೆಯಬೇಕು ಎಂದು ಅಂದು ಗೊತ್ತಿದ್ದಿದ್ದರೆ ಅವು ಉಳಿಯುತ್ತಿದ್ದವು.

ಇಷ್ಟು ಕಾಟ ಕೊಟ್ಟರೂ ಈ ಬಳ್ಳಿಯನ್ನು ನಾನು ಕಿತ್ತುಹಾಕದೆ ಇರಲು ಕಾರಣ ಸಂಜೆ ಏಳು ಗಂಟೆ. ಕತ್ತಲಾಗುವ ಹೊತ್ತಿಗೆ ಹೊಸ ಮೊಗ್ಗುಗಳು ಬಿರಿಯುತ್ತವೆ, ಅಚ್ಚ ಬಿಳಿ. ಹಣ್ಣಿನಂಥ ಸಿಹಿಗಂಪು ಗೇಟಿನವರೆಗೆ ಬರುತ್ತದೆ. ಹೂವಿನ ಕೊಳವೆ ಸುಮಾರು ಏಳು ಸೆಂಟಿಮೀಟರ್ ಉದ್ದ. ಅದರ ತಳದ ಮಕರಂದಕ್ಕೆ ಹಾಕ್ ಮಾತ್ ಎಂಬ ದೊಡ್ಡ ಪತಂಗದ ನೀಳ ನಾಲಗೆಯೇ ಬೇಕು. ಅದು ಹೂವಿನ ಮೇಲೆ ಕೂರುವುದಿಲ್ಲ, ಎದುರಿಗೆ ಗಾಳಿಯಲ್ಲೇ ನಿಂತು ಹೀರುತ್ತದೆ. ಕಿವಿಗೊಟ್ಟರೆ ರೆಕ್ಕೆಯ ಸಣ್ಣ ಗುಂಯ್‌ಗುಡುವಿಕೆ. ಮರುದಿನ ಅದೇ ಹೂ ಗುಲಾಬಿ, ಮೂರನೆಯ ದಿನ ಕಡುಗೆಂಪು. ಮೊದಲ ರಾತ್ರಿ ಅಡ್ಡಕ್ಕೆ ಚಾಚಿದ್ದ ಹೂ ಬಣ್ಣ ಏರುತ್ತ ಹೋದಂತೆ ಜೋಲುತ್ತದೆ. ಇಸ್ರೇಲಿನ ಸಸ್ಯವಿಜ್ಞಾನಿಗಳು 1987ರಲ್ಲಿ ಈ ಬಣ್ಣ ಮತ್ತು ಭಂಗಿಯ ಬದಲಾವಣೆಯನ್ನು ವಿವರಿಸಿ, ಬೇರೆ ಬೇರೆ ಹೊತ್ತಿನ ಅತಿಥಿಗಳನ್ನು ಬೇರೆಯಾಗಿ ಕರೆಯುವ ಏರ್ಪಾಡು ಇದಿರಬಹುದು ಎಂದರು. ರಾತ್ರಿಯ ಪತಂಗಕ್ಕೆ ಬಿಳಿ. ಹಗಲಿನ ಜೇನು, ದುಂಬಿ, ಸೂರಕ್ಕಿಗೆ ಕೆಂಪು. ನಮ್ಮ ಗೊಂಚಲಿನಲ್ಲಿ ಒಂದೇ ಸಮಯಕ್ಕೆ ಮೂರೂ ಬಣ್ಣ ಇರುವುದು ಹೀಗೆ.

ಇನ್ನೊಂದು ಮಾತು. ಚೀನೀ ವೈದ್ಯರು ಇದರ ಬೀಜವನ್ನು ಜಂತುಹುಳದ ಮದ್ದಾಗಿ ಬಹುಕಾಲದಿಂದ ಬಳಸಿದ್ದಾರೆ. ಅದರಿಂದ ಬೇರ್ಪಡಿಸಿದ ಕ್ವಿಸ್ಕ್ವಾಲಿಕ್ ಆಮ್ಲ ನರಕೋಶಗಳ ಗ್ಲುಟಮೇಟ್ ಗ್ರಾಹಕಗಳನ್ನು ಕೆರಳಿಸುತ್ತದೆ. ಮಿದುಳಿನ ಆ ಗ್ರಾಹಕಗಳ ಒಂದು ಬಗೆಗೆ ವಿಜ್ಞಾನಿಗಳು ಕೆಲಕಾಲ ಈ ಬಳ್ಳಿಯ ಹೆಸರನ್ನೇ ಇಟ್ಟಿದ್ದರು. ನಮ್ಮ ತೋಟಗಳಲ್ಲಿ ಇದು ಕಾಯಿ ಕಟ್ಟುವುದು ಅಪರೂಪ. ಕಟ್ಟಿದರೂ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ.

ಈಗ ಆ 31 ಕುಡಿಗಳಿಗೆ ಬರೋಣ. ಬಳ್ಳಿಯ ಪ್ರತಿ ಗೆಣ್ಣಿನಲ್ಲೂ, ಎಲೆಯ ಕಂಕುಳಲ್ಲಿ, ಒಂದೊಂದು ಮೊಗ್ಗು ಮಲಗಿರುತ್ತದೆ. ಅದು ಏಳದಂತೆ ತಡೆಯುವುದು ತುದಿಯ ಕುಡಿ. ತುದಿಯ ಎಳೆ ಎಲೆಗಳು ಆಕ್ಸಿನ್ ಎಂಬ ಹಾರ್ಮೋನನ್ನು ತಯಾರಿಸಿ ಕೆಳಕ್ಕೆ ಕಳಿಸುತ್ತಿರುತ್ತವೆ. ಆ ಹರಿವು ಇರುವಷ್ಟು ಕಾಲ ಕೆಳಗಿನ ಮೊಗ್ಗುಗಳು ಸುಮ್ಮನಿರುತ್ತವೆ. 1933ರಲ್ಲಿ ಅಮೆರಿಕದಲ್ಲಿ ಥಿಮಾನ್ ಮತ್ತು ಸ್ಕೂಗ್ ಎಂಬ ಇಬ್ಬರು ಒಂದು ಬಗೆಯ ಅವರೆ ಗಿಡದ ತುದಿ ಕತ್ತರಿಸಿ, ಆ ಗಾಯದ ಮೇಲೆ ಆಕ್ಸಿನ್ ಇದ್ದ ಅಗರ್ ತುಂಡನ್ನು ಇಟ್ಟರು. ತುದಿ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಏಳಲಿಲ್ಲ. ಅಗರ್ ತುಂಡೇ ಕುಡಿಯ ಅಧಿಕಾರ ನಡೆಸಿತು. 2008ರಲ್ಲಿ ಸ್ಟ್ರೈಗೊಲ್ಯಾಕ್ಟೋನ್ ಎಂಬ ಇನ್ನೊಂದು ಬಗೆಯ ಹಾರ್ಮೋನು ಕವಲೊಡೆಯುವುದನ್ನು ತಡೆಯುತ್ತದೆ ಎಂದು ಗೊತ್ತಾಯಿತು. 2014ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಸಂಶೋಧಕರು ಬಟಾಣಿ ಗಿಡದಲ್ಲಿ ಇನ್ನೊಂದು ಪದರ ಬಿಚ್ಚಿದರು. ತುದಿ ಕತ್ತರಿಸಿದಾಗ, ಆಕ್ಸಿನ್ ಇಳಿಮುಖವಾದ ಸುದ್ದಿ ಕೆಳಗಿನ ಮೊಗ್ಗಿಗೆ ತಲುಪುವ ಮೊದಲೇ ಅದು ಊದತೊಡಗುತ್ತದೆ. ತುದಿ ಕಬಳಿಸುತ್ತಿದ್ದ ಸಕ್ಕರೆ ಈಗ ಅದರ ಪಾಲಿಗೆ ಹರಿದುಬರುವುದೇ ಮೊದಲ ಕರೆಗಂಟೆ ಎಂದು ಅವರು ತೋರಿಸಿದರು.

ಇದನ್ನು ನಮ್ಮ ಮೋಟಿಗೆ ಹೊಂದಿಸಿ ನೋಡಿ. ಒಂದೇ ದಿನದಲ್ಲಿ ಎಲ್ಲ ತುದಿಗಳೂ ಹೋದವು, ತಡೆಯುವವರು ಯಾರೂ ಇಲ್ಲ. ಬೇರಿನಲ್ಲಿ ಪಿಷ್ಟದ ಉಗ್ರಾಣ, ನೆಲದಲ್ಲಿ ಮಳೆನೀರು. ಮಲಗಿದ್ದ ಮೊಗ್ಗುಗಳೆಲ್ಲ ಒಟ್ಟಿಗೆ ಎದ್ದವು. ಮಲೆನಾಡಿನ ಕಾಫಿ ತೋಟದವರಿಗೆ ಇಂಥ ನೆಟ್ಟನೆಯ, ರಸಭರಿತ, ಹೂವಿಲ್ಲದ ಚಿಗುರು ಚೆನ್ನಾಗಿ ಗೊತ್ತು. ಕಂಬಚಿಗುರು ಎಂದು ಕರೆದು ಎಳೆಯದರಲ್ಲೇ ಚಿವುಟಿ ತೆಗೆಯುತ್ತಾರೆ. ನಾನು ಮಾಡಿದ ಎರಡನೆಯ ತಪ್ಪೆಂದರೆ, ಗಿಡಕ್ಕೆ ಆಯಾಸವಾಗಿದೆ ಎಂದು ಬುಡಕ್ಕೆ ಯೂರಿಯಾ ಹಾಕಿದ್ದು. ಸಾರಜನಕ ಎಲೆಗೆ ಒತ್ತಾಸೆ, ಹೂವಿಗೆ ಅಲ್ಲ. ಉದ್ದ ಬೆಳೆಯುವ ಬಳ್ಳಿಗೆ ಯೂರಿಯಾ ಹಾಕಲೇಬೇಡಿ ಎನ್ನುವುದು ನನ್ನ ಖಚಿತ ಅಭಿಪ್ರಾಯ. ವರ್ಷಕ್ಕೊಮ್ಮೆ ಒಂದು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು.

ಮರುವರ್ಷ ಆ ಹಿರಿಯರನ್ನೇ ಕರೆದೆ. ಅವರು ಬಂದದ್ದು ಜನವರಿಯಲ್ಲಿ, ಕೈಯಲ್ಲಿ ಸಣ್ಣ ಗಿಡಕತ್ತರಿ ಮತ್ತು ಒಂದು ಹಿಡಿ ಬಾಳೆನಾರು. 31ರಲ್ಲಿ ಉಳಿಸಿದ್ದು ಐದೇ. ಮಿಕ್ಕವನ್ನು ಬುಡಕ್ಕೆ ಅಂಟಿದಂತೆ ತೆಗೆದರು. ಉಳಿದ ಐದನ್ನು ಕಡಿಯಲಿಲ್ಲ. ಒಂದೊಂದನ್ನೂ ಎರಡು ಕೈಯಲ್ಲಿ ಹಿಡಿದು, ಮಗುವಿನ ಕೈ ತಿರುಗಿಸುವಷ್ಟು ಮೆಲ್ಲಗೆ ಬಾಗಿಸಿ, ಕಾಂಪೌಂಡಿನ ತಂತಿಗೆ ಅಡ್ಡಡ್ಡ ಕಟ್ಟಿದರು. ನಾರಿನ ಗಂಟು ಸಡಿಲ, ಕಾಂಡ ದಪ್ಪವಾದರೂ ಕೊಯ್ಯದ ಹಾಗೆ. “ನಿಂತಿರೋ ಕುಡಿ ಆಕಾಶ ನೋಡ್ತದೆ ಅಮ್ಮಾ, ಮಲಗಿಸಿದ ಕುಡಿ ಹೂವು ನೋಡ್ತದೆ” ಎಂದರು.

ಅವರ ಮಾತಿನ ಹಿಂದಿನ ವಿಜ್ಞಾನ ಇದು. ಕುಡಿ ನೆಟ್ಟಗಿದ್ದಾಗ ತುದಿಯ ಹಿಡಿತ ಅತಿ ಹೆಚ್ಚು. ಅಡ್ಡಕ್ಕೆ ಮಲಗಿಸಿದರೆ ಗುರುತ್ವದ ದಿಕ್ಕು ಬದಲಾಗಿ ಕಾಂಡದೊಳಗಿನ ಹಾರ್ಮೋನಿನ ಹಂಚಿಕೆ ಕದಡುತ್ತದೆ. ತುದಿಯ ಓಟ ನಿಧಾನವಾಗಿ, ಮೇಲ್ಮುಖದ ಗೆಣ್ಣುಗಳಿಂದ ಸಾಲಾಗಿ ಗಿಡ್ಡ ಕವಲುಗಳು ಏಳುತ್ತವೆ. ಮಧುಮಾಲತಿಗೆ ಹೂ ಬರುವುದು ಆ ವರ್ಷದ ಹೊಸ ಕವಲಿನ ತುದಿಯಲ್ಲಿ. ಕವಲು ಹೆಚ್ಚಿದಷ್ಟೂ ಗೊಂಚಲು ಹೆಚ್ಚು. ಆ ವರ್ಷ ಮೇ ತಿಂಗಳಲ್ಲಿ ಆರಡಿ ಉದ್ದದ ಒಂದೇ ಕಾಂಡದ ಮೇಲೆ 14 ಗೊಂಚಲು ಎಣಿಸಿದೆ. ಕಡಿದದ್ದಕ್ಕಿಂತ ಬಾಗಿಸಿದ್ದರಿಂದ ಬಳ್ಳಿ ಅಂಕೆಗೆ ಬಂತು.

ನಮ್ಮ ರೈತರು ಇದನ್ನು ಆಕ್ಸಿನ್ ಹೆಸರು ಕೇಳುವ ಎಷ್ಟೋ ಮೊದಲೇ ಬಲ್ಲರು. ವಿಜಯಪುರದ ದ್ರಾಕ್ಷಿ ಬೆಳೆಗಾರರು ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಕಡ್ಡಿ ಸವರುವ ಕೆಲಸ, ಮಾಡುತ್ತಾರೆ: ಏಪ್ರಿಲ್ ಸುಮಾರಿಗೆ ಕಡ್ಡಿ ಬಲಿಸಲು, ಅಕ್ಟೋಬರ್ ಸುಮಾರಿಗೆ ಹಣ್ಣಿಗೆ. ಮಲ್ಲಿಗೆ ಬೆಳೆಗಾರರು ಚಳಿಗಾಲದಲ್ಲಿ ಗಿಡ ಸವರಿ, ಹೊಸ ಚಿಗುರಿನ ಮೇಲೆ ಮೊಗ್ಗು ತರುತ್ತಾರೆ. ಕಾಳುಮೆಣಸಿನದು ಇನ್ನೂ ಸ್ವಾರಸ್ಯ. ಮರಕ್ಕೆ ಅಂಟಿ ನೆಟ್ಟಗೆ ಏರುವ ಕಾಂಡ ಒಂದು ಬಗೆ. ಅದರಿಂದ ಪಕ್ಕಕ್ಕೆ ಚಾಚಿ ಫಲ ಕೊಡುವ ಕವಲು ಇನ್ನೊಂದು ಬಗೆ. ಏರುವ ಬಗೆಯ ತುಂಡು ನೆಟ್ಟರೆ ಬಳ್ಳಿಯಾಗುತ್ತದೆ. ಪಕ್ಕದ ಕವಲಿನ ತುಂಡು ನೆಟ್ಟರೆ ಎಂದೂ ಮರ ಹತ್ತದೆ ಕುಂಡದಲ್ಲೇ ಪೊದೆಯಾಗಿ ಉಳಿದು ಮೆಣಸು ಬಿಡುತ್ತದೆ. ಪೊದೆ ಮೆಣಸು ಎಂದು ನರ್ಸರಿಗಳಲ್ಲಿ ಮಾರುವುದು ಅದನ್ನೇ. ಎರಡಕ್ಕೂ ವಂಶವಾಹಿ ಒಂದೇ. ತಾನು ಬಳ್ಳಿಯ ಯಾವ ಭಾಗವಾಗಿದ್ದೆ ಎಂಬ ನೆನಪನ್ನು ತುಂಡು ಹೊತ್ತು ತರುತ್ತದೆ.

ಆದರೆ ಯಾವಾಗ ಸವರಬೇಕು ಎನ್ನುವುದಕ್ಕೆ ಎಲ್ಲ ಬಳ್ಳಿಗೂ ಒಂದೇ ಉತ್ತರ ಇಲ್ಲ. ಜನವರಿ, ಫೆಬ್ರುವರಿಯಲ್ಲಿ ಬೆಂಗಳೂರಿನ ಕಾಂಪೌಂಡುಗಳ ಮೇಲೆ ಬೆಂಕಿಯಂತೆ ಇಳಿಬೀಳುವ ಪೈರೋಸ್ಟೀಜಿಯಾ, ಅದರ ಬೆನ್ನಿಗೆ ನೇರಳೆ ಗೊಂಚಲು ಬಿಡುವ ಪೆಟ್ರಿಯಾ, ಇವೆರಡೂ ಹಿಂದಿನ ತಿಂಗಳುಗಳಲ್ಲಿ ಬಲಿತ ಕಡ್ಡಿಯ ಮೇಲೆ ಹೂ ಬಿಡುವಂಥವು. ಮಧುಮಾಲತಿಯ ಜೊತೆಗೆ ಇವನ್ನೂ ಚಳಿಗಾಲದಲ್ಲಿ ಸವರಿದರೆ ಆ ವರ್ಷದ ಹೂವನ್ನೇ ಸವರಿದ ಹಾಗೆ. ಹೂ ಮುಗಿದ ಹದಿನೈದು ದಿನದೊಳಗೆ ಕತ್ತರಿ ಆಡಿಸಿ, ಮುಂದಿನ ಕಡ್ಡಿ ಬಲಿಯಲು ಇಡೀ ಮಳೆಗಾಲ ಬಿಟ್ಟುಕೊಡಬೇಕು. 1908ರಿಂದ ಲಾಲ್‌ಬಾಗಿನ ಹೊಣೆ ಹೊತ್ತ ಗುಸ್ತಾವ್ ಹರ್ಮನ್ ಕ್ರುಂಬಿಗಲ್, ಒಂದು ಜಾತಿಯ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದವರು. ಅದೇ ಯೋಚನೆಯನ್ನು ಒಂದು ಕಾಂಪೌಂಡಿಗೆ ಇಳಿಸಿಕೊಳ್ಳಬಹುದು: ಚಳಿಗೆ ಪೈರೋಸ್ಟೀಜಿಯಾ, ಬೇಸಿಗೆಯ ಬಾಗಿಲಿಗೆ ಪೆಟ್ರಿಯಾ, ಆಮೇಲೆ ಮಲ್ಲಿಗೆ, ಮಳೆಯುದ್ದಕ್ಕೂ ಮಧುಮಾಲತಿ. ಅಷ್ಟಕ್ಕೆ ಜಾಗ ಇರುವವರು ಕಡಿಮೆ. ಮೂವತ್ತು-ನಲವತ್ತರ ನಿವೇಶನಕ್ಕೆ ಒಂದು ದೊಡ್ಡ ಬಳ್ಳಿಯೇ ಹೆಚ್ಚು ಎಂದು ಈಗ ಅನ್ನಿಸಿದೆ.

ಕಾಗದದ ಹೂವಿನ ಹದ ಇನ್ನೊಂದು. 1767ರಲ್ಲಿ ಬ್ರೆಜಿಲಿನ ರಿಯೊ ಬಳಿ ಫ್ರೆಂಚ್ ಸಸ್ಯವಿಜ್ಞಾನಿ ಕಾಮರ್ಸನ್ ಇದನ್ನು ಸಂಗ್ರಹಿಸಿ, ತಮ್ಮ ಯಾನದ ನಾಯಕ ಬೂಗನ್‌ವಿಲ್‌ರ ಹೆಸರು ಇಟ್ಟರು. ಕಾಮರ್ಸನ್ ಜೊತೆ ಗಂಡು ವೇಷದಲ್ಲಿ ಸಹಾಯಕಿಯಾಗಿ ದುಡಿಯುತ್ತಿದ್ದ ಜಾನ್ ಬಾರೆ ಎಂಬ ಹೆಣ್ಣುಮಗಳ ಶ್ರಮವೂ ಆ ಸಂಗ್ರಹಗಳ ಹಿಂದಿದೆ. ಹೆಸರು ಸಿಕ್ಕಿದ್ದು ನಾಯಕನಿಗೆ. ಈ ಗಿಡದಲ್ಲಿ ಬಣ್ಣದ ಪಕಳೆ ಎಂದು ನಾವು ತಿಳಿದದ್ದು ಬಣ್ಣ ತಳೆದ ಎಲೆ. ನಿಜವಾದ ಹೂ ನಡುವಿನ ಸಣ್ಣ ಕೆನೆಬಣ್ಣದ ಕೊಳವೆ. ಇದು ನೀರು ಹೆಚ್ಚಾದರೆ ಎಲೆ, ಬಾಯಾರಿದರೆ ಹೂ. ನಮ್ಮೂರ ಬೇಸಿಗೆಯಲ್ಲಿ ಇದು ಉರಿದು ಅರಳುವುದಕ್ಕೆ ಒಣ ಮಣ್ಣೇ ಕಾರಣ. ಎಲೆ ಸ್ವಲ್ಪ ಬಾಡುವವರೆಗೆ ಕಾದು ನೀರು ಕೊಟ್ಟರೆ ಸಾಕು. ದಿನಾ ನೀರುಣಿಸುವ ಅಕ್ಕರೆ ಇದಕ್ಕೆ ಒಗ್ಗುವುದಿಲ್ಲ.

ಬಳ್ಳಿಗೆ ಕಾಯಿ ಭಾರವೇ ಎಂದು ನಮ್ಮ ಗಾದೆ. ಆದರೆ ಚಪ್ಪರಕ್ಕೆ ಬಳ್ಳಿ ಭಾರ. ಮಳೆಯಲ್ಲಿ ನೆನೆದ ಬಳ್ಳಿಯ ತೂಕ ಒಣದಿನದ ಲೆಕ್ಕಕ್ಕೆ ಸಿಗುವುದಿಲ್ಲ, ಗಾಳಿ ಬೀಸಿದಾಗ ಇಡೀ ಹಸಿರು ಹಾಯಿಯಂತೆ ಎಳೆಯುತ್ತದೆ. ಕ್ಯಾಲಿಫೋರ್ನಿಯಾದ ಸಿಯೆರಾ ಮಾದ್ರೆ ಪಟ್ಟಣದಲ್ಲಿ 1894ರಲ್ಲಿ ಮನೆಯೊಂದರ ಪಕ್ಕ ನೆಟ್ಟ ಚೀನೀ ವಿಸ್ಟೀರಿಯಾ ಬಳ್ಳಿ ಈಗ ಎಕರೆಯಷ್ಟು ಹಬ್ಬಿ ವಿಶ್ವದಾಖಲೆಗೆ ಸೇರಿದೆ. ಆ ಮೂಲ ಮನೆ ಅದರ ಹಿಡಿತಕ್ಕೆ ಸಿಕ್ಕು ಉಳಿಯಲಿಲ್ಲ. ಬಿದಿರಿನ ಹಂದರ ತೊಂಡೆ, ಹೀರೆಗೆ ಸಾಕು. ಕಟ್ಟಿಗೆಯಾಗುವ ಬಳ್ಳಿಗೆ ಕಬ್ಬಿಣದ ಪೈಪು, ನೆಲದಲ್ಲಿ ಕಾಂಕ್ರೀಟು ಬೇಕು. ಹೆಂಚು, ಸಜ್ಜಾ, ಮಳೆನೀರಿನ ಪೈಪು, ವಿದ್ಯುತ್ ತಂತಿ ಇವುಗಳಿಂದ ಕನಿಷ್ಠ ಒಂದು ಮೊಳ ದೂರ ಉಳಿಸಿ. ಬುಡದಲ್ಲಿ ಎಲೆಗಸ ಗುಡ್ಡೆಯಾಗಲು ಬಿಡಬೇಡಿ. ಅಲ್ಲಿ ಇಲಿ ಸೇರುತ್ತದೆ, ಇಲಿಯ ಹಿಂದೆ ಹಾವು. ವಾರಕ್ಕೆ ಹತ್ತು ನಿಮಿಷ ಬಳ್ಳಿಯ ಸುತ್ತ ನಡೆದು, ಹಾದಿ ತಪ್ಪಿದ ಕುಡಿಯನ್ನು ಉಗುರಿನಿಂದಲೇ ಚಿವುಟಿದರೆ ವರ್ಷಕ್ಕೊಮ್ಮೆ ಮಚ್ಚು ಹಿಡಿಯುವ ಪ್ರಸಂಗ ಬರುವುದಿಲ್ಲ. ವರ್ಷಕ್ಕೊಂದು ಹಳೆಯ ಕಾಂಡವನ್ನು ಬುಡದಿಂದ ತೆಗೆದು ಒಂದು ಹೊಸದಕ್ಕೆ ಜಾಗ ಕೊಟ್ಟರೆ ಬಳ್ಳಿ ಮುದಿಯಾಗುವುದೂ ಇಲ್ಲ.

ತೋಟದ ಬೇಲಿ ದಾಟಿದ ಬಳ್ಳಿಗಳ ಕಥೆ ಮಾತ್ರ ನಿಜಕ್ಕೂ ಆತಂಕದ್ದು. ನಮ್ಮ ಕಾಡಿನ, ನಮ್ಮ ಕಾವ್ಯದ ಮಾಧವೀಲತೆಯನ್ನೇ ನೋಡಿ. ಮೂರು ರೆಕ್ಕೆಯ ಅದರ ಕಾಯಿ ಗಿರಿಗಿರಿ ತಿರುಗುತ್ತ ಗಾಳಿಯಲ್ಲಿ ದೂರ ಸಾಗುತ್ತದೆ. ಇಲ್ಲಿ ಅದು ಉಳಿದ ಮರಬಳ್ಳಿಗಳ ನಡುವೆ ಒಂದು. ಹೂವಿನ ಚೆಲುವಿಗೆ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳಿಗೆ ಒಯ್ದಾಗ ಅಲ್ಲಿನ ಕಾಡನ್ನೇ ಮುಚ್ಚಿತು. ಜಗತ್ತಿನ ನೂರು ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಇಂದು ಅದರ ಹೆಸರಿದೆ. ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗಿನ ನೀಲಿ ಥನ್‌ಬರ್ಜಿಯಾ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಳೆಕಾಡಿನಲ್ಲಿ ಮರಗಳ ನೆತ್ತಿ ಮುಚ್ಚಿ ಕೊಲ್ಲುತ್ತಿದೆ. ನೆಲದೊಳಗಿನ ಅದರ ಗೆಡ್ಡೆ ಅಗೆದಷ್ಟೂ ಉಳಿಯುತ್ತದೆ. ಮೆಕ್ಸಿಕೊದ ಆಂಟಿಗೋನಾನ್ ಗ್ವಾಮ್ ದ್ವೀಪದಲ್ಲಿ ಅದೇ ಹಾವಳಿ ಮಾಡಿದೆ, ಅದಕ್ಕೂ ಗೆಡ್ಡೆ ಇದೆ. ನಮ್ಮ ಖಾಲಿ ನಿವೇಶನಗಳ ಬೇಲಿಯ ಮೇಲೂ ಅದು ಈಗಾಗಲೇ ಧಾರಾಳವಾಗಿ ಹಬ್ಬಿದೆ.

ಬಳ್ಳಿಗೆ ಬೇಲಿ ದಾಟಲು ಬೀಜವೇ ಬೇಕೆಂದಿಲ್ಲ. ಗೆಣ್ಣಿರುವ ಒಂದು ಹಸಿ ತುಂಡು, ಒದ್ದೆ ಮಣ್ಣು ಸಾಕು. ನಮ್ಮ ಗೇಟಿನ ಮಧುಮಾಲತಿ ಹುಟ್ಟಿದ್ದೂ ಯಾರೋ ಸವರಿ ರಸ್ತೆಬದಿಗೆ ಹಾಕಿದ ಕಡ್ಡಿಯಿಂದ. ಆದ್ದರಿಂದ ಸವರಿದ ಬಳ್ಳಿಯನ್ನು ದಯವಿಟ್ಟು ಕೆರೆಯ ಏರಿಗೆ, ಮೋರಿಗೆ, ಪಕ್ಕದ ಖಾಲಿ ನಿವೇಶನಕ್ಕೆ ಎಸೆಯಬೇಡಿ. ತಾರಸಿಯ ಮೇಲೆ ಎರಡು ವಾರ ಬಿಸಿಲಿಗೆ ಹರವಿ. ಕಡ್ಡಿ ಮುರಿದರೆ ಲಟ್ಟೆಂದು ಸದ್ದು ಬರಬೇಕು. ಬಾಗಿದರೆ ಅದಿನ್ನೂ ಜೀವಂತ. ಮತ್ತೊಂದು ವಾರ ಬಿಡಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.